ಗುಂಪು ಹೊಂದಿತ್ತು, ರಿಯಾಕ್ಷನ್ ಏಕೆ ಬಂತು? ರಕ್ತ ಏರಿಸಿದಾಗಿನ ತೊಂದರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತ ಏರಿಸುವಾಗಲೋ, ಏರಿಸಿದ ಕೆಲವು ದಿನಗಳ ಮೇಲೋ ರೋಗಿಗೆ ತೊಂದರೆಯಾದರೆ ಮನೆಯವರಿಗೆ ಮೊದಲು ಬರುವ ಅನುಮಾನ ‘ಬೇರೆ ಗುಂಪಿನ ರಕ್ತ ಹಾಕಿಬಿಟ್ಟರೇ’ ಎಂಬುದು. ದಾಖಲೆ ತೆಗೆದು ನೋಡಿದರೆ ಬಹುತೇಕ ಸಲ ಗುಂಪು ಸರಿಯಾಗಿಯೇ ಇರುತ್ತದೆ. ಆಗ ಕೇಸ್ ಷೀಟಿನಲ್ಲಿ ‘ಕಾರಣ ತಿಳಿದಿಲ್ಲ’ ಎಂದೋ, ಇನ್ನೂ ಸುಲಭವಾಗಿ ‘ಅಲರ್ಜಿ’ ಎಂದೋ ಷರಾ ಬೀಳುತ್ತದೆ. ಆ ಷರಾದ ಹಿಂದೆ ರೋಗನಿರೋಧಕ ವ್ಯವಸ್ಥೆ ಏನೇನು ಮಾಡಿರಬಹುದು ಎಂಬುದನ್ನು ರೋಗಿಗಳಿಗೆ, ಮನೆಯವರಿಗೆ, ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಅರ್ಥವಾಗುವಂತೆ ಇಲ್ಲಿ ಬರೆದಿದೆ. ಚಿಕಿತ್ಸೆಯ ನಿರ್ಧಾರ ಮಾತ್ರ ರೋಗಿಯನ್ನು ನೋಡುತ್ತಿರುವ ವೈದ್ಯರದು.

ಗುಂಪು ಹೊಂದಿತ್ತು, ಕ್ರಾಸ್‌ಮ್ಯಾಚ್ ಕೂಡ ಆಗಿತ್ತು. ಆದರೂ ತೊಂದರೆ ಬಂದದ್ದು ಹೇಗೆ?

‘ಬಿ ಪಾಸಿಟಿವ್’ ಎನ್ನುವಾಗ ನಾವು ಹೇಳುತ್ತಿರುವುದು ಕೆಂಪು ರಕ್ತಕಣದ ಮೇಲಿರುವ ಮೂರು ಗುರುತುಗಳ ವಿಚಾರ ಮಾತ್ರ: ಎ ಇಲ್ಲ, ಬಿ ಇದೆ, ಡಿ ಇದೆ. ಅದೇ ಕಣದ ಮೇಲೆ ಇಂಥ ಗುರುತುಗಳು, ಅಂದರೆ ಪ್ರತಿಜನಕಗಳು, 360ಕ್ಕೂ ಹೆಚ್ಚು ಇವೆ ಎಂದು ಈವರೆಗೆ ಪಟ್ಟಿಯಾಗಿದೆ. ಕೆಲ್, ಕಿಡ್, ಡಫಿ, ಎಂಎನ್‌ಎಸ್ ಎಂಬ ಹೆಸರಿನ ಗುಂಪುಗಳ ಪೈಕಿ ಒಂದನ್ನೂ ಸಾಮಾನ್ಯ ಬ್ಲಡ್ ಗ್ರೂಪ್ ಪರೀಕ್ಷೆ ನೋಡುವುದಿಲ್ಲ.

ಇನ್ನೊಂದು ವಿಚಾರ, ಚೀಲದಲ್ಲಿ ಬರುವುದು ಕೆಂಪುಕಣ ಮಾತ್ರವಲ್ಲ. ದಾನಿಯ ಬಿಳಿಕಣಗಳು, ಪ್ಲಾಸ್ಮಾದ ಪ್ರೋಟೀನುಗಳು, ದಾನಿಯ ದೇಹದಲ್ಲಿದ್ದ ಪ್ರತಿಕಾಯಗಳು (ಪರಕೀಯ ಗುರುತನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನುಗಳು, ಅಂದರೆ ಆಂಟಿಬಾಡಿಗಳು), ಕೆಲವೊಮ್ಮೆ ದಾನಿ ಹಿಂದಿನ ರಾತ್ರಿ ತಿಂದದ್ದರ ಅಂಶ ಕೂಡ ಜೊತೆಯಲ್ಲಿ ಬರುತ್ತದೆ. ಕ್ರಾಸ್‌ಮ್ಯಾಚ್ ಇವುಗಳಲ್ಲಿ ಒಂದೇ ಒಂದು ಮುಖಾಮುಖಿಯನ್ನು ಪರೀಕ್ಷಿಸುತ್ತದೆ: ರೋಗಿಯ ಪ್ರತಿಕಾಯ ಮತ್ತು ದಾನಿಯ ಕೆಂಪುಕಣ. ಉಳಿದ ಯಾವ ಪ್ರಶ್ನೆಯನ್ನೂ ಅದು ಕೇಳಿರುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬಾರದಿದ್ದಾಗ ಅದನ್ನು ‘ಅಕಾರಣ’ ಎನ್ನುವುದು ನ್ಯಾಯವಲ್ಲ.

ಹೊಂದಿದ ಗುಂಪಿನ ರಕ್ತವೇ ತೊಂದರೆ ಕೊಟ್ಟದ್ದರಿಂದ ಈ ವಿಜ್ಞಾನ ಬೆಳೆಯಿತು. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಎಬಿಒ ಗುಂಪುಗಳನ್ನು ವಿವರಿಸಿದ ಮೇಲೂ ದಶಕಗಳ ಕಾಲ ಕೆಲವರಿಗೆ ಹೊಂದಿದ ರಕ್ತದಿಂದಲೇ ರಿಯಾಕ್ಷನ್ ಆಗುತ್ತಿತ್ತು, ಕಾರಣ ಯಾರಿಗೂ ಹೊಳೆಯುತ್ತಿರಲಿಲ್ಲ. 1939ರಲ್ಲಿ ನ್ಯೂಯಾರ್ಕಿನ ಲೆವಿನ್ ಮತ್ತು ಸ್ಟೆಟ್ಸನ್ ಒಂದು ಪ್ರಕರಣವನ್ನು ವರದಿ ಮಾಡಿದರು. ಗರ್ಭದಲ್ಲೇ ಸತ್ತ ಮಗುವನ್ನು ಹೆತ್ತ ಮಹಿಳೆಗೆ ಗಂಡನ ರಕ್ತ ಕೊಟ್ಟಿದ್ದರು. ಇಬ್ಬರದೂ ಒ ಗುಂಪು. ಆದರೂ ತೀವ್ರ ಪ್ರತಿಕ್ರಿಯೆ ಬಂತು. ಆಕೆಯ ಸೀರಮ್ಮನ್ನು ಹೊಂದುವ ಗುಂಪಿನ 104 ಜನರ ರಕ್ತದೊಡನೆ ಬೆರೆಸಿ ನೋಡಿದರೆ 80 ಜನರ ಕಣಗಳು ಗಂಟುಕಟ್ಟಿದವು. ಮಗು ತಂದೆಯಿಂದ ಪಡೆದ ಯಾವುದೋ ಅಂಶದ ವಿರುದ್ಧ ತಾಯಿಯ ದೇಹ ಪ್ರತಿಕಾಯ ತಯಾರಿಸಿಕೊಂಡಿದೆ ಎಂದು ಅವರು ಊಹಿಸಿದರು. ಇಂದು ನಾವು ಪಾಸಿಟಿವ್, ನೆಗೆಟಿವ್ ಎನ್ನುತ್ತಿರುವುದು ಆ ಅಂಶವನ್ನೇ, ಅಂದರೆ ಆರ್‌ಎಚ್ ಗುಂಪಿನ ಡಿ ಗುರುತನ್ನೇ.

ಕ್ರಾಸ್‌ಮ್ಯಾಚ್‌ನಲ್ಲಿ ನಿಜವಾಗಿ ಏನು ಮಾಡುತ್ತಾರೆ?

ರೋಗಿಯ ಪ್ಲಾಸ್ಮಾವನ್ನು ದಾನಿಯ ಒಂದು ಹನಿ ಕೆಂಪುಕಣಗಳೊಡನೆ ಬೆರೆಸಿ 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಡುತ್ತಾರೆ. ಪ್ರತಿಕಾಯವಿದ್ದರೆ ಕಣಕ್ಕೆ ಅಂಟಿಕೊಳ್ಳುತ್ತದೆ. ಆದರೆ ಐಜಿಜಿ ಬಗೆಯ ಪ್ರತಿಕಾಯ ತುಂಬ ಚಿಕ್ಕದು, ಎರಡು ಕಣಗಳನ್ನು ಒಟ್ಟಿಗೆ ಹಿಡಿದು ಗಂಟುಕಟ್ಟಿಸಲು ಅದಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಹೀಗಾಗಿ ಮನುಷ್ಯನ ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಪ್ರತಿಕಾಯವನ್ನು ಸೇರಿಸುತ್ತಾರೆ. 1945ರಲ್ಲಿ ಕೂಂಬ್ಸ್, ಮೌರಂಟ್ ಮತ್ತು ರೇಸ್ ವಿವರಿಸಿದ ಈ ಉಪಾಯವೇ ಕೂಂಬ್ಸ್ ಪರೀಕ್ಷೆ. ಈಗ ಹೆಚ್ಚಿನ ಕಡೆ ಜೆಲ್ ಕಾರ್ಡ್ ಬಳಸುತ್ತಾರೆ. ಕಡ್ಡಿಯಷ್ಟು ಸಣ್ಣ ಕೊಳವೆಯ ಜೆಲ್‌ನ ಮೇಲೆ ಈ ಮಿಶ್ರಣವನ್ನು ಹಾಕಿ ತಿರುಗಿಸಿದಾಗ ಬಿಡಿ ಕಣಗಳು ಜಾರಿ ತಳದಲ್ಲಿ ಕೆಂಪು ಚುಕ್ಕೆಯಾಗುತ್ತವೆ. ಗಂಟುಕಟ್ಟಿದವು ಇಳಿಯಲಾರದೆ ಮೇಲೆಯೇ ಕೆಂಪು ಗೆರೆಯಾಗಿ ನಿಲ್ಲುತ್ತವೆ. ದುರ್ಬಲ ಪ್ರತಿಕಾಯವಿದ್ದರೆ ಕಣಗಳು ಜೆಲ್‌ನ ಉದ್ದಕ್ಕೂ ಹರಡಿ ಮಸುಕು ಬಾಲದಂತೆ ಕಾಣುತ್ತವೆ. ಆ ಮಸುಕನ್ನು ಗಮನಿಸುವವರು, ‘ಬಹುಶಃ ಏನೂ ಇಲ್ಲ’ ಎಂದು ಮುಂದೆ ಹೋಗುವವರು, ಹೀಗೆ ಪ್ರಯೋಗಾಲಯದಲ್ಲಿ ಎರಡು ಬಗೆಯ ಜನ ಸಿಗುತ್ತಾರೆ.

ಇದಲ್ಲದೆ ಪ್ರತಿಕಾಯ ಸ್ಕ್ರೀನಿಂಗ್ ಎಂಬ ಪರೀಕ್ಷೆಯಿದೆ. ಮುಖ್ಯ ಪ್ರತಿಜನಕಗಳ ವಿವರ ಮೊದಲೇ ಗೊತ್ತಿರುವ ಒ ಗುಂಪಿನ ಎರಡು ಮೂರು ಕಣ ಮಾದರಿಗಳೊಡನೆ ರೋಗಿಯ ಪ್ಲಾಸ್ಮಾವನ್ನು ಪರೀಕ್ಷಿಸುವುದು ಅದು. ರಕ್ತ ಬೇಕಾಗುವ ಮೊದಲೇ ಅಪಾಯವನ್ನು ತಿಳಿಸುವ ಪರೀಕ್ಷೆ ಅದೇ. ನಮ್ಮಲ್ಲಿ ಅದು ಎಲ್ಲ ಕಡೆ ಇನ್ನೂ ವಾಡಿಕೆಯಾಗಿಲ್ಲ.

ಚಳಿ ನಡುಕ, ಜ್ವರ ಬಂದು ಒಂದೆರಡು ಗಂಟೆಯಲ್ಲಿ ಇಳಿಯಿತು. ಇದೇನು?

ಬಹಳ ಮಟ್ಟಿಗೆ ಇದು ಬಿಳಿಕಣಗಳ ಬಾಬತ್ತು. ಮೊದಲು ರಕ್ತ ಪಡೆದವರಲ್ಲಿ, ಹೆರಿಗೆಯಾದ ಮಹಿಳೆಯರಲ್ಲಿ ಎಚ್‌ಎಲ್‌ಎ ಎಂಬ ಗುರುತುಗಳ ವಿರುದ್ಧ ಪ್ರತಿಕಾಯ ಇರಬಹುದು. ಅವು ದಾನಿಯ ಬಿಳಿಕಣಗಳನ್ನು ಹಿಡಿದಾಗ ಜ್ವರ ತರಿಸುವ ಸೈಟೊಕೈನ್‌ಗಳು ಬಿಡುಗಡೆಯಾಗುತ್ತವೆ. ಪ್ರತಿಕಾಯವೇ ಇಲ್ಲದೆಯೂ ಜ್ವರ ಬರಬಹುದು. ಪ್ಲೇಟ್‌ಲೆಟ್ ಚೀಲವನ್ನು 20ರಿಂದ 24 ಡಿಗ್ರಿಯಲ್ಲಿ ಇಡಬೇಕಾಗುತ್ತದೆ, ಆ ಬೆಚ್ಚನೆಯಲ್ಲಿ ಉಳಿದ ಬಿಳಿಕಣಗಳು ದಿನದಿನಕ್ಕೂ ಸೈಟೊಕೈನ್ ಸುರಿಸುತ್ತಾ ಹೋಗುತ್ತವೆ. ಹಳೆಯ ಪ್ಲೇಟ್‌ಲೆಟ್ ಚೀಲ ಹೆಚ್ಚು ಜ್ವರ ತರುವುದು ಇದಕ್ಕೇ. ಶೇಖರಿಸುವ ಮೊದಲೇ ಬಿಳಿಕಣ ಸೋಸಿ ತೆಗೆದರೆ ಎರಡೂ ತೊಂದರೆ ಕಡಿಮೆಯಾಗುತ್ತವೆ. ಮಂಚದ ಪಕ್ಕದಲ್ಲಿ ಫಿಲ್ಟರ್ ಹಾಕಿದರೆ ಕಣಗಳು ನಿಲ್ಲುತ್ತವೆ, ಆದರೆ ಅಷ್ಟರೊಳಗೆ ಸುರಿದ ಸೈಟೊಕೈನ್ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. ಇದು ನಿರುಪದ್ರವಿ ಜ್ವರ ಎಂದು ಹೇಳಬೇಕಾದದ್ದು ಉಳಿದದ್ದನ್ನೆಲ್ಲ ತಳ್ಳಿಹಾಕಿದ ಮೇಲೆ. ಕಣಗಳು ಒಡೆಯುತ್ತಿರುವಾಗಲೂ, ಚೀಲದಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದಾಗಲೂ ಮೊದಲು ಕಾಣಿಸುವುದು ಇದೇ ನಡುಕ, ಇದೇ ಜ್ವರ.

ಮೈತುಂಬ ದದ್ದು, ತುರಿಕೆ. ರೋಗಿಗೆ ಮೊದಲು ಯಾವ ಅಲರ್ಜಿಯೂ ಇರಲಿಲ್ಲವಲ್ಲ?

ಹೆಚ್ಚಿನ ಸಲ ದಾನಿಯ ಪ್ಲಾಸ್ಮಾದಲ್ಲಿರುವ ಯಾವುದೋ ಪ್ರೋಟೀನಿಗೆ ರೋಗಿಯ ಐಜಿಇ ಪ್ರತಿಕಾಯ ಸ್ಪಂದಿಸಿ ಮಾಸ್ಟ್ ಎಂಬ ಕಣಗಳು ತುರಿಕೆ ತರುವ ಹಿಸ್ಟಮಿನ್ ಚೆಲ್ಲುತ್ತವೆ. ಯಾವ ಪ್ರೋಟೀನು ಎಂದು ಪತ್ತೆಯಾಗುವುದು ಅಪರೂಪ, ಬರೀ ದದ್ದಾದರೆ ಹುಡುಕುವ ಗೋಜಿಗೂ ಯಾರೂ ಹೋಗುವುದಿಲ್ಲ.

ಹುಡುಕಿದಾಗ ಸಿಕ್ಕ ಒಂದು ಪ್ರಕರಣ ಹೇಳಲೇಬೇಕು. ನೆದರ್ಲೆಂಡ್ಸ್‌ನ ವೈದ್ಯರು 2011ರಲ್ಲಿ ವರದಿ ಮಾಡಿದ್ದು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಆರು ವರ್ಷದ ಹುಡುಗನಿಗೆ ಐವರು ದಾನಿಗಳ ಪ್ಲೇಟ್‌ಲೆಟ್ ಸೇರಿಸಿದ ಚೀಲ ಏರಿಸುವಾಗ ಮೈ ಕೆಂಪಾಗಿ, ಮುಖ ಊದಿ, ರಕ್ತದೊತ್ತಡ ಕುಸಿದು, ಉಸಿರು ಕಟ್ಟಿತು. ಮಗು ಒಂದು ವರ್ಷದವನಿದ್ದಾಗ ಕಡಲೆಕಾಯಿ ತಿಂದು ಹೀಗೆಯೇ ಆಗಿತ್ತೆಂದು ತಾಯಿ ನೆನಪಿಸಿಕೊಂಡರು. ದಾನಿಗಳನ್ನು ವಿಚಾರಿಸಿದಾಗ ಮೂವರು ಹಿಂದಿನ ಸಂಜೆ ಕಡಲೆಕಾಯಿ ತಿಂದಿದ್ದರು. ಜೀರ್ಣರಸಕ್ಕೆ ಸುಲಭವಾಗಿ ಬಗ್ಗದ ಅದರ ಪ್ರೋಟೀನು ದಾನಿಯ ರಕ್ತ ಸೇರಿ, ಅಲ್ಲಿಂದ ಹುಡುಗನನ್ನು ತಲುಪಿರಬೇಕು. ಯಾವ ಕ್ರಾಸ್‌ಮ್ಯಾಚ್ ಇದನ್ನು ತೋರಿಸಬಲ್ಲದು? ಪತ್ತೆ ಹಚ್ಚಿಕೊಟ್ಟದ್ದು ತಾಯಿಯ ನೆನಪು.

ಇದಕ್ಕಿಂತ ವಿಚಿತ್ರವಾದದ್ದು ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ಅಲರ್ಜಿ. ಅಮೆರಿಕದಲ್ಲಿ ಒಂದು ಜಾತಿಯ ಉಣ್ಣೆ (ಉಣುಗು) ಕಚ್ಚಿದವರಿಗೆ ದನ, ಹಂದಿ ಮಾಂಸದಲ್ಲಿರುವ ಈ ಸಕ್ಕರೆಗೆ ಅಲರ್ಜಿ ಹುಟ್ಟುತ್ತದೆ. ಅದರ ರಚನೆ ಬಿ ಗುಂಪಿನ ಪ್ರತಿಜನಕವನ್ನು ಬಹಳ ಹೋಲುತ್ತದೆ. ಈ ಅಲರ್ಜಿಯಿದ್ದ ಒ ಗುಂಪಿನ ರೋಗಿಗಳಿಗೆ ಬಿ ಗುಂಪಿನ ದಾನಿಯ ಪ್ಲಾಸ್ಮಾ ಅಥವಾ ಪ್ಲೇಟ್‌ಲೆಟ್ ಕೊಟ್ಟಾಗ ಅನಾಫಿಲ್ಯಾಕ್ಸಿಸ್, ಅಂದರೆ ಪ್ರಾಣಕ್ಕೆ ಎರವಾಗಬಲ್ಲ ತೀವ್ರ ಅಲರ್ಜಿ ಆದದ್ದು ವರದಿಯಾಗಿದೆ. ಮಲೆನಾಡಿನವರು ಉಣ್ಣೆ ಎಂದ ಕೂಡಲೇ ಬೆಚ್ಚಬೇಕಿಲ್ಲ, ಮಂಗನ ಕಾಯಿಲೆಗೂ ಇದಕ್ಕೂ ನಂಟಿಲ್ಲ.

ಪಠ್ಯಪುಸ್ತಕಗಳ ಮೆಚ್ಚಿನ ಕಾರಣ ಐಜಿಎ ಎಂಬ ಬಗೆಯ ಪ್ರತಿಕಾಯದ ಕೊರತೆ. ಹುಟ್ಟಿನಿಂದ ಐಜಿಎ ಇಲ್ಲದವರ ದೇಹ ದಾನಿಯ ಐಜಿಎಯನ್ನು ಪರಕೀಯವೆಂದು ಕಂಡು ಪ್ರತಿಕಾಯ ಮಾಡಬಹುದು. ಆದರೆ ಹೀಗೆ ಕೊರತೆ ಇರುವ ಬಹಳಷ್ಟು ಜನ ರಕ್ತ ಪಡೆದು ಏನೂ ಆಗದೆ ಮನೆಗೆ ಹೋಗುತ್ತಾರೆ. ಜಪಾನ್ ಮತ್ತು ಸುತ್ತಲಿನ ದೇಶಗಳಲ್ಲಿ ಹ್ಯಾಪ್ಟೊಗ್ಲೋಬಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದವರಲ್ಲಿ ಇದೇ ಬಗೆಯ ಪ್ರತಿಕ್ರಿಯೆ ಕಂಡಿದೆ. ಇಂಥವರಿಗೆ ಸಲೈನಿನಲ್ಲಿ ತೊಳೆದ ಕೆಂಪುಕಣ ಕೊಡುತ್ತಾರೆ.

ರಕ್ತ ಏರಿಸಿದ ಕೆಲ ಗಂಟೆಗಳಲ್ಲಿ ಉಸಿರಾಡಲು ಕಷ್ಟವಾಯಿತು. ಹೃದಯದ ತೊಂದರೆಯೇ?

ಇರಬಹುದು. ವಯಸ್ಸಾದವರಿಗೆ, ಹೃದಯ ಅಥವಾ ಮೂತ್ರಪಿಂಡ ದುರ್ಬಲವಾದವರಿಗೆ ವೇಗವಾಗಿ ರಕ್ತ ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅದರಲ್ಲಿ ಪ್ರತಿಕಾಯದ ಪಾತ್ರವಿಲ್ಲ.

ಹೊರನೋಟಕ್ಕೆ ಹಾಗೆಯೇ ಕಾಣುವ ಇನ್ನೊಂದಿದೆ. 1980ರ ದಶಕದಲ್ಲಿ ಪೊಪೊವ್‌ಸ್ಕಿ ಮತ್ತು ಸಂಗಡಿಗರು ಅದಕ್ಕೆ ‘ಟ್ರಾಲಿ’ (TRALI, ರಕ್ತ ಏರಿಸಿದ್ದರಿಂದ ಶ್ವಾಸಕೋಶಕ್ಕಾಗುವ ತೀವ್ರ ಹಾನಿ) ಎಂಬ ಹೆಸರು ಕೊಟ್ಟರು. ರಕ್ತ ಪಡೆದ ಆರು ಗಂಟೆಯೊಳಗೆ ಶ್ವಾಸಕೋಶದ ಲೋಮನಾಳಗಳು ಸೋರತೊಡಗುತ್ತವೆ. ಇಲ್ಲಿ ಕಥೆ ತಿರುವುಮುರುವು: ಪ್ರತಿಕಾಯ ಇರುವುದು ದಾನಿಯಲ್ಲಿ. ಹಲವು ಬಾರಿ ಗರ್ಭಿಣಿಯಾಗಿದ್ದ ಮಹಿಳೆಯ ರಕ್ತದಲ್ಲಿ ಎಚ್‌ಎಲ್‌ಎ ವಿರುದ್ಧವೋ, ನ್ಯೂಟ್ರೊಫಿಲ್ ಎಂಬ ಬಿಳಿಕಣಗಳ ಗುರುತುಗಳ ವಿರುದ್ಧವೋ ಪ್ರತಿಕಾಯವಿರುತ್ತದೆ. ಆಕೆಗೆ ಅದರಿಂದ ಏನೂ ತೊಂದರೆಯಿಲ್ಲ. ಆ ಪ್ಲಾಸ್ಮಾ ರೋಗಿಯನ್ನು ಸೇರಿದಾಗ, ಸೋಂಕಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಈಗಾಗಲೇ ಕೆರಳಿ ಶ್ವಾಸಕೋಶದ ನಾಳಗಳ ಗೋಡೆಗೆ ಅಂಟಿ ನಿಂತಿದ್ದ ನ್ಯೂಟ್ರೊಫಿಲ್‌ಗಳು ಸಿಡಿಯುತ್ತವೆ. ಎರಡು ಪೆಟ್ಟು ಬೇಕು: ಒಂದು ರೋಗಿಯ ಕಾಯಿಲೆಯದು, ಇನ್ನೊಂದು ಚೀಲದ್ದು. ಅದೇ ದಾನಿಯ ರಕ್ತ ಬೇರೊಬ್ಬರಿಗೆ ಸುರಕ್ಷಿತವಾಗಿ ಹೋಗುವುದು ಇದೇ ಕಾರಣಕ್ಕೆ. ಬ್ರಿಟನ್ 2003ರಿಂದ ಪ್ಲಾಸ್ಮಾಕ್ಕೆ ಗಂಡು ದಾನಿಗಳನ್ನು ಆರಿಸತೊಡಗಿದ ಮೇಲೆ ಅಲ್ಲಿ ಟ್ರಾಲಿ ಪ್ರಕರಣಗಳು ಗಣನೀಯವಾಗಿ ಇಳಿದವು.

ಪ್ರತಿಕಾಯವೇ ಸಿಗದ ಟ್ರಾಲಿಯೂ ಇದೆ. ಶೇಖರಣೆಯ ವೇಳೆ ಕಣಗಳಿಂದ ಬಿಡುಗಡೆಯಾಗುವ ಕೊಬ್ಬಿನಂಶಗಳು ಅಲ್ಲಿ ಎರಡನೆಯ ಪೆಟ್ಟು ಕೊಡುತ್ತವೆಂಬ ವಾದಕ್ಕೆ ಪ್ರಯೋಗಾಲಯದ ಆಧಾರವಿದೆ.

ರಕ್ತ ಹಾಕಿಸಿಕೊಂಡು ಮನೆಗೆ ಬಂದ ಒಂದು ವಾರದ ಮೇಲೆ ಕಣ್ಣು ಹಳದಿಯಾಯಿತು, ಮೂತ್ರ ಕಪ್ಪಾಯಿತು. ಇದಕ್ಕೂ ರಕ್ತಕ್ಕೂ ಸಂಬಂಧ ಇದೆಯೇ?

ಇರುವ ಸಾಧ್ಯತೆ ಬಲವಾಗಿದೆ, ತಪ್ಪಿಹೋಗುವ ಸಾಧ್ಯತೆ ಅದಕ್ಕಿಂತ ಬಲವಾಗಿದೆ. ಜನ ಕಾಮಾಲೆ ಎಂದುಕೊಳ್ಳುತ್ತಾರೆ, ನಾಟಿ ಔಷಧಿಗೆ ಹೋಗುತ್ತಾರೆ. ಬೇರೆ ಊರಿನ ವೈದ್ಯರ ಬಳಿ ಹೋದರೆ ವಾರದ ಹಿಂದೆ ರಕ್ತ ಹಾಕಿಸಿಕೊಂಡದ್ದನ್ನು ಹೇಳುವುದೇ ಇಲ್ಲ.

ನಡೆಯುವುದು ಹೀಗೆ. ಹತ್ತು ವರ್ಷದ ಹಿಂದಿನ ಹೆರಿಗೆಯಲ್ಲೋ, ಹಳೆಯ ಅಪಘಾತದಲ್ಲಿ ಪಡೆದ ರಕ್ತದಿಂದಲೋ ದೇಹ ಕಿಡ್ ಎಂಬ ಗುಂಪಿನ ಪ್ರತಿಜನಕವೊಂದರ ವಿರುದ್ಧ ಪ್ರತಿಕಾಯ ಮಾಡಿಕೊಂಡಿರುತ್ತದೆ. ಕಿಡ್ ಪ್ರತಿಕಾಯದ ಕುಖ್ಯಾತ ಗುಣವೆಂದರೆ ಅದು ಬೇಗ ಕರಗಿ ಪರೀಕ್ಷೆಯ ಕೈಗೆ ಸಿಗದಷ್ಟು ಇಳಿದುಬಿಡುತ್ತದೆ. ಈಗ ಮತ್ತೆ ರಕ್ತ ಬೇಕಾಗುತ್ತದೆ. ಸ್ಕ್ರೀನಿಂಗ್ ಶುದ್ಧ, ಕ್ರಾಸ್‌ಮ್ಯಾಚ್ ಶುದ್ಧ, ರಕ್ತ ಏರಿಸುವಾಗ ಏನೂ ತೊಂದರೆಯಿಲ್ಲ. ಆದರೆ ನೆನಪಿನ ಕಣಗಳು ಅಳಿದಿರುವುದಿಲ್ಲ. ಹಳೆಯ ಪ್ರತಿಜನಕ ಮತ್ತೆ ಕಂಡದ್ದೇ ತಡ ಅವು ಹೆಚ್ಚಿಕೊಂಡು ಕೆಲವೇ ದಿನಗಳಲ್ಲಿ ಪ್ರತಿಕಾಯವನ್ನು ರಾಶಿ ಹಾಕುತ್ತವೆ. ಮೂರರಿಂದ ಹದಿನಾಲ್ಕು ದಿನಗಳ ನಡುವೆ ದಾನಿಯ ಕಣಗಳು ಒಡೆಯತೊಡಗುತ್ತವೆ. ಹಿಮೋಗ್ಲೋಬಿನ್ ಇಳಿಯುತ್ತದೆ, ಬಿಲಿರುಬಿನ್ ಏರುತ್ತದೆ, ಸಣ್ಣಗೆ ಜ್ವರ ಬರುತ್ತದೆ. ಆಗ ಹೊಸದಾಗಿ ರಕ್ತ ತೆಗೆದು ಪರೀಕ್ಷಿಸಿದರೆ ಅದೇ ಸ್ಕ್ರೀನಿಂಗ್ ಪಾಸಿಟಿವ್ ಬರುತ್ತದೆ. ಮೊದಲ ವರದಿ ತಪ್ಪಾಗಿರಲಿಲ್ಲ, ಅದು ಆ ದಿನದ ಮಟ್ಟಿಗಿನ ಸತ್ಯವಾಗಿತ್ತು.

ಎಲ್ಲ ಪ್ರತಿಕಾಯಗಳೂ ಕಣವನ್ನು ಒಂದೇ ರೀತಿ ನಾಶ ಮಾಡುವುದಿಲ್ಲ. ಎಬಿಒ ವಿರುದ್ಧದ ಐಜಿಎಂ ಪ್ರತಿಕಾಯ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಪಣಿಯನ್ನು ಕೊನೆಯವರೆಗೆ ಎಳೆದು, ಕಣದ ಪೊರೆಗೆ ತೂತು ಕೊರೆದು, ರಕ್ತನಾಳದೊಳಗೇ ಒಡೆಯುತ್ತದೆ. ಮೂತ್ರ ಕೋಲಾದ ಬಣ್ಣಕ್ಕೆ ತಿರುಗುವುದು ಅದಕ್ಕೆ. ಆರ್‌ಎಚ್ ಬಗೆಯ ಐಜಿಜಿ ಕಣಕ್ಕೆ ಬರೀ ಗುರುತು ಹಚ್ಚುತ್ತದೆ, ಗುಲ್ಮದಲ್ಲಿರುವ (ಸ್ಪ್ಲೀನ್) ಮ್ಯಾಕ್ರೊಫೇಜ್ ಎಂಬ ಕಬಳಿಸುವ ಕಣಗಳು ಅದನ್ನು ಹಿಡಿದು ನುಂಗುತ್ತವೆ. ಇದು ನಿಧಾನ. ಕಿಡ್ ಪ್ರತಿಕಾಯ ಕಾಂಪ್ಲಿಮೆಂಟನ್ನೂ ಎಬ್ಬಿಸಬಲ್ಲದು, ಆದ್ದರಿಂದ ಅದರ ಹಾವಳಿ ಹೆಚ್ಚು.

ರಕ್ತ ಕೊಟ್ಟ ಮೇಲೆ ಹಿಮೋಗ್ಲೋಬಿನ್ ಮೊದಲಿಗಿಂತಲೂ ಕೆಳಗೆ ಹೋಯಿತು. ಇದು ಸಾಧ್ಯವೇ?

ಸಾಧ್ಯ. ಈ ಪುಟದಲ್ಲಿ ಅತ್ಯಂತ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಉತ್ತರಗಳಲ್ಲಿ ಇದು ಒಂದು. ಸಿಕಲ್ ಸೆಲ್ (ಕೆಂಪುಕಣ ಕುಡುಗೋಲಿನಂತೆ ಬಾಗುವ ಹುಟ್ಟುಕಾಯಿಲೆ) ರೋಗಿಗಳಲ್ಲಿ ಹೆಚ್ಚಾಗಿ, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆಯಾದ ಥಲಸ್ಸೇಮಿಯಾದಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುವ ಇದನ್ನು ಹೈಪರ್‌ಹಿಮಾಲಿಸಿಸ್ ಎನ್ನುತ್ತಾರೆ. ದಾನಿಯ ಕಣಗಳ ಜೊತೆಗೆ ರೋಗಿಯ ಸ್ವಂತ ಕಣಗಳೂ ಒಡೆಯುತ್ತವೆ. ಇನ್ನೊಂದು ಯೂನಿಟ್ ಹಾಕಿದರೆ ಅದೂ ಒಡೆಯುತ್ತದೆ, ಬೆಂಕಿ ಇನ್ನೂ ಜೋರಾಗುತ್ತದೆ. ಹಿಮೋಗ್ಲೋಬಿನ್ ನಾಲ್ಕಕ್ಕಿಳಿದ ರೋಗಿಗೆ ರಕ್ತ ಕೊಡಬೇಡಿ ಎನ್ನುವುದು ಮನೆಯವರಿಗೆ ಕ್ರೌರ್ಯದಂತೆ ಕೇಳಿಸುತ್ತದೆ, ಆದರೆ ಪ್ರಾಣಕ್ಕೇ ಅಪಾಯವಿಲ್ಲದ ಹೊತ್ತಿನಲ್ಲಿ ತಡೆಹಿಡಿಯುವುದೇ ಸರಿಯಾದ ದಾರಿ.

ಸ್ವಂತ ಕಣ ಏಕೆ ಒಡೆಯಬೇಕು? ಒಂದೇ ಉತ್ತರವಿಲ್ಲ. ಮೊದಲು ಒಡೆದ ಕಣಗಳಿಂದ ಹೊರಬಿದ್ದ ಹೀಮ್ ಎಂಬ ಅಂಶ ಪ್ರತಿಕಾಯದ ನೆರವಿಲ್ಲದೆ ತಾನೇ ಕಾಂಪ್ಲಿಮೆಂಟನ್ನು ಎಬ್ಬಿಸುತ್ತದೆ. ಎಬ್ಬಿಸಿದ ಕಾಂಪ್ಲಿಮೆಂಟ್ ಯಾರ ಕಣ ಎಂದು ನೋಡದೆ ಪಕ್ಕದಲ್ಲಿದ್ದುದಕ್ಕೆಲ್ಲ ಅಂಟುತ್ತದೆ. ಕೆರಳಿದ ಮ್ಯಾಕ್ರೊಫೇಜ್‌ಗಳು ಸಿಕಲ್ ಕಣಗಳನ್ನು, ಎಳೆಯ ಕಣಗಳನ್ನು ಸುಲಭವಾಗಿ ಹಿಡಿದು ನುಂಗುತ್ತವೆ. ಅದಕ್ಕೇ ಕಾಯಿಲೆಯ ತುತ್ತತುದಿಯಲ್ಲಿ ಎಳೆಯ ಕಣಗಳ ಎಣಿಕೆ ಏರಬೇಕಾದಲ್ಲಿ ಇಳಿಯುತ್ತದೆ. ಇಂಥ ಸಂದರ್ಭದಲ್ಲಿ ಇಮ್ಯುನೊಗ್ಲೋಬ್ಯುಲಿನ್, ಸ್ಟೆರಾಯ್ಡ್ ಕೊಡುತ್ತಾರೆ. ಬಗ್ಗದಿದ್ದರೆ ಕಾಂಪ್ಲಿಮೆಂಟ್ ತಡೆಯುವ ಎಕುಲಿಜುಮಾಬ್‌ನಂಥ ದುಬಾರಿ ಔಷಧವನ್ನೂ ಬಳಸಿದ್ದಾರೆ.

ಪತ್ತೆಗೆ ಒಂದು ಸರಳ ದಾರಿಯಿದೆ. ಸಿಕಲ್ ಸೆಲ್ ರೋಗಿಯ ರಕ್ತದಲ್ಲಿರುವ ಹಿಮೋಗ್ಲೋಬಿನ್ ‘ಎ’ ಬಹುತೇಕ ದಾನಿಯದು. ರಕ್ತ ಕೊಟ್ಟ ಕೂಡಲೇ ಒಮ್ಮೆ, ತೊಂದರೆ ಕಂಡಾಗ ಇನ್ನೊಮ್ಮೆ ಅದರ ಪ್ರಮಾಣ ಅಳೆದರೆ ದಾನಿಯ ಕಣಗಳು ಮಾಯವಾಗುತ್ತಿವೆಯೇ ಎಂದು ನೇರವಾಗಿ ತಿಳಿಯುತ್ತದೆ. ಹೀಗೆ ಅಳೆಯದಿದ್ದರೆ ಸಿಕಲ್ ನೋವಿನ ಮಾಮೂಲಿ ಕಾಟ ಎಂದುಕೊಂಡು ರಕ್ತ ಏರಿಸುತ್ತಲೇ ಹೋಗುವ ಅಪಾಯವಿದೆ. 2023ರಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ನಮ್ಮ ಕಾಡಂಚಿನ ಬುಡಕಟ್ಟು ಹಾಡಿಗಳಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಗಳು ಈ ಸಂಗತಿಯನ್ನು ತಿಳಿದಿರಬೇಕು.

ಕೂಂಬ್ಸ್ ಪರೀಕ್ಷೆ ನೆಗೆಟಿವ್ ಬಂದಿದೆ. ಅಂದರೆ ಇಮ್ಯೂನ್ ಕಾರಣ ಇಲ್ಲ ಎಂದಲ್ಲವೇ?

ಅಲ್ಲ. ಈ ತಪ್ಪು ತಿಳಿವಳಿಕೆ ವೈದ್ಯರಲ್ಲೂ ಇದೆ.

ಸಾಮಾನ್ಯ ಕೊಳವೆ ಪರೀಕ್ಷೆ ಪಾಸಿಟಿವ್ ಬರಬೇಕಾದರೆ ಒಂದೊಂದು ಕಣದ ಮೇಲೂ ಸುಮಾರು ನೂರರಿಂದ ಐನೂರು ಐಜಿಜಿ ಅಣುಗಳಾದರೂ ಇರಬೇಕು. ಗುಲ್ಮದ ಮ್ಯಾಕ್ರೊಫೇಜ್‌ಗೆ ಅದಕ್ಕಿಂತ ಕಡಿಮೆ ಸಾಕಾಗಬಹುದು. ಪರೀಕ್ಷೆಯ ದ್ರಾವಣ ಹುಡುಕುವುದು ಐಜಿಜಿ ಮತ್ತು ಕಾಂಪ್ಲಿಮೆಂಟಿನ ತುಣುಕನ್ನು. ಐಜಿಎ ಬಗೆಯ ಪ್ರತಿಕಾಯ ಅಂಟಿದ್ದರೆ ಅದು ಕಾಣುವುದಿಲ್ಲ. ಹಿಡಿತ ಸಡಿಲವಾದ ಪ್ರತಿಕಾಯ ಪರೀಕ್ಷೆಗೆ ಮೊದಲು ಕಣಗಳನ್ನು ತೊಳೆಯುವಾಗಲೇ ಉದುರಿಹೋಗುತ್ತದೆ. ಇವಕ್ಕಿಂತ ಸಾಮಾನ್ಯವಾದ ಕಾರಣ ಇನ್ನೊಂದಿದೆ: ಪ್ರತಿಕಾಯ ಅಂಟಿದ ದಾನಿಯ ಕಣಗಳೆಲ್ಲ ಆಗಲೇ ನಾಶವಾಗಿ, ಕೊಳವೆಗೆ ಬಂದದ್ದು ರೋಗಿಯ ಸ್ವಂತ ಕಣ ಮಾತ್ರವಾಗಿರಬಹುದು.

ಹೊಸ ಪ್ರತಿಕಾಯ ತೋರದೆಯೇ ನಡೆಯುವ ತಡವಾದ ನಾಶ ಸಿಕಲ್ ಸೆಲ್ ರೋಗಿಗಳಲ್ಲಿ ಹೊಸದೇನಲ್ಲ. ಅಲ್ಲಿ ಕಾಂಪ್ಲಿಮೆಂಟ್, ಹೀಮ್, ಕೆರಳಿದ ಮ್ಯಾಕ್ರೊಫೇಜ್ ಇವುಗಳೇ ಮುಂದೆ ನಿಂತಿರುತ್ತವೆ. ಆದ್ದರಿಂದ ನೆಗೆಟಿವ್ ವರದಿ ಕೈಗೆ ಬಂದ ಮೇಲೂ ಎಲ್‌ಡಿಎಚ್, ಬಿಲಿರುಬಿನ್, ಹ್ಯಾಪ್ಟೊಗ್ಲೋಬಿನ್, ಮೂತ್ರದ ಬಣ್ಣ ಇವು ಕಣ ಒಡೆಯುತ್ತಿದೆ ಎನ್ನುತ್ತಿದ್ದರೆ ಅವನ್ನೇ ನಂಬಬೇಕು. ಕೆಲವು ದಿನ ಬಿಟ್ಟು ಸ್ಕ್ರೀನಿಂಗ್ ಮತ್ತೆ ಮಾಡಬೇಕು. ಕಣದಿಂದ ಪ್ರತಿಕಾಯವನ್ನು ಬಿಡಿಸಿ ಸಾಂದ್ರಗೊಳಿಸುವ ಎಲ್ಯೂಷನ್ ಎಂಬ ವಿಧಾನ, ಫ್ಲೋ ಸೈಟೊಮೆಟ್ರಿ, ದೊಡ್ಡ ರೆಫರೆನ್ಸ್ ಪ್ರಯೋಗಾಲಯ ಇವು ಮುಂದಿನ ಮೆಟ್ಟಿಲುಗಳು.

ಯಾವ ಯೂನಿಟ್ಟೂ ಹೊಂದುತ್ತಿಲ್ಲ ಎನ್ನುತ್ತಿದ್ದಾರೆ. ಹೀಗೂ ಉಂಟೇ?

ಉಂಟು. ಹಳೆಯ ಉದಾಹರಣೆ ಬಾಂಬೆ ಗುಂಪು. 1952ರಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಹೋದ್ಯೋಗಿಗಳು ಮುಂಬೈಯಲ್ಲಿ ಗುರುತಿಸಿದ್ದು. ಎ ಮತ್ತು ಬಿ ಗುರುತುಗಳಿಗೆ ತಳಹದಿಯಾದ ‘ಎಚ್’ ಪ್ರತಿಜನಕವೇ ಇವರಲ್ಲಿಲ್ಲ. ಸಾಮಾನ್ಯ ಪರೀಕ್ಷೆಗೆ ಒ ಗುಂಪಿನಂತೆ ಕಾಣುತ್ತಾರೆ, ಆದರೆ ಒ ಕಣಗಳಲ್ಲಿ ಎಚ್ ಸಮೃದ್ಧವಾಗಿರುವುದರಿಂದ ಒ ರಕ್ತವೂ ಅವರಿಗೆ ವಿಷ. ಇಂಥವರನ್ನು ಒ ಎಂದು ಬರೆದು ಸುಮ್ಮನಾದರೆ ಉಳಿಸುವುದು ಸ್ಕ್ರೀನಿಂಗ್ ಅಥವಾ ಕ್ರಾಸ್‌ಮ್ಯಾಚ್.

ಹೊಸ ಉದಾಹರಣೆ ನಮ್ಮ ಕೋಲಾರ ಜಿಲ್ಲೆಯದು. ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾದ ಮಹಿಳೆಯೊಬ್ಬರ ಗುಂಪು ಒ ಪಾಸಿಟಿವ್. ಆದರೆ ಯಾವ ಒ ಪಾಸಿಟಿವ್ ರಕ್ತವೂ ಹೊಂದಲಿಲ್ಲ. ಮಾದರಿ ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರಕ್ಕೆ ಹೋಯಿತು. ಪರೀಕ್ಷಿಸಿದ ಎಲ್ಲ ಕಣಗಳೊಡನೆಯೂ ಆಕೆಯ ಪ್ಲಾಸ್ಮಾ ಪ್ರತಿಕ್ರಿಯಿಸಿತು, ಕುಟುಂಬದ 20 ಜನರ ರಕ್ತ ನೋಡಿದರೂ ಒಂದೂ ಹೊಂದಲಿಲ್ಲ. ರಕ್ತ ಏರಿಸದೆಯೇ ವೈದ್ಯರು ಶಸ್ತ್ರಚಿಕಿತ್ಸೆ ಮುಗಿಸಿದರು. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿರುವ ಪ್ರಯೋಗಾಲಯ ಸುಮಾರು ಹತ್ತು ತಿಂಗಳು ಅಧ್ಯಯನ ಮಾಡಿ ಆಕೆಯಲ್ಲಿ ಇಲ್ಲದಿರುವುದು ಕ್ರೋಮರ್ ಗುಂಪಿಗೆ ಸೇರಿದ, ಹಿಂದೆಂದೂ ಕಾಣದ ಪ್ರತಿಜನಕ ಎಂದಿತು. ಕ್ರೋಮರ್, ಇಂಡಿಯಾ, ಬೆಂಗಳೂರು ಮೂರನ್ನೂ ಕೂಡಿಸಿ ‘ಕ್ರಿಬ್’ ಎಂದು ಹೆಸರಿಟ್ಟು 2025ರ ಜೂನ್‌ನಲ್ಲಿ ಮಿಲಾನ್‌ನ ಸಮ್ಮೇಳನದಲ್ಲಿ ಪ್ರಕಟಿಸಿದರು. ಕ್ರೋಮರ್ ಗುರುತುಗಳಿರುವ ಪ್ರೋಟೀನು ಸಿಡಿ55, ಅಂದರೆ ಕಾಂಪ್ಲಿಮೆಂಟ್ ದಾಳಿಯಿಂದ ನಮ್ಮ ಕಣಗಳನ್ನು ಕಾಯುವ ಪ್ರೋಟೀನುಗಳಲ್ಲೊಂದು.

ಔಷಧವೂ ಹೀಗೆ ಮಾಡಬಲ್ಲದು. ಮಯಲೋಮಾ ಎಂಬ ಮಜ್ಜೆಯ ಕ್ಯಾನ್ಸರಿಗೆ ಕೊಡುವ ಡಾರಾಟುಮುಮಾಬ್ ಕೆಂಪುಕಣದ ಮೇಲೂ ಅಲ್ಪಸ್ವಲ್ಪ ಇರುವ ಸಿಡಿ38ಕ್ಕೆ ಅಂಟುವುದರಿಂದ ಎಲ್ಲ ಪರೀಕ್ಷೆಗಳೂ ಪಾಸಿಟಿವ್ ಬರುತ್ತವೆ. ರಕ್ತ ಕೇಂದ್ರಕ್ಕೆ ಮೊದಲೇ ತಿಳಿಸಿದ್ದರೆ ಇದು ಸಮಸ್ಯೆಯೇ ಅಲ್ಲ, ತಿಳಿಸದಿದ್ದರೆ ಎರಡು ದಿನ ವ್ಯರ್ಥ.

ಒಬ್ಬರಿಗೆ ಪ್ರತಿಕಾಯ ಹುಟ್ಟುತ್ತದೆ, ಇನ್ನೊಬ್ಬರಿಗೆ ಹತ್ತಾರು ಯೂನಿಟ್ ಪಡೆದರೂ ಇಲ್ಲ. ಏಕೆ?

ಆರೋಗ್ಯವಂತ ಡಿ ನೆಗೆಟಿವ್ ಸ್ವಯಂಸೇವಕರಿಗೆ ಡಿ ಪಾಸಿಟಿವ್ ಕಣ ಕೊಟ್ಟ ಹಳೆಯ ಪ್ರಯೋಗಗಳಲ್ಲಿ ಬಹುಪಾಲು ಜನರಲ್ಲಿ ಪ್ರತಿಕಾಯ ಹುಟ್ಟಿತು. ಆಸ್ಪತ್ರೆಯ ರೋಗಿಗಳಲ್ಲಿ ಆ ಪ್ರಮಾಣ ಬಹಳ ಕಡಿಮೆ. ಕಾಯಿಲೆ, ಔಷಧ, ರಕ್ತ ಪಡೆಯುವ ಹೊತ್ತಿಗೆ ದೇಹದಲ್ಲಿದ್ದ ಉರಿಯೂತ ಎಲ್ಲವೂ ಇದನ್ನು ಹೆಚ್ಚುಕಡಿಮೆ ಮಾಡುತ್ತವೆ. ಪರಕೀಯ ಪ್ರೋಟೀನಿನ ತುಣುಕನ್ನು ಟಿ ಕಣಗಳಿಗೆ ತೋರಿಸುವ ಎಚ್‌ಎಲ್‌ಎ ಅಣುಗಳು ಒಬ್ಬೊಬ್ಬರಲ್ಲೂ ಬೇರೆ. ಡಫಿ ಪ್ರತಿಜನಕವೊಂದರ ತುಣುಕನ್ನು ಹಿಡಿದು ತೋರಿಸಲು ಡಿಆರ್‌ಬಿ1 ವರ್ಗದ 04 ಮಾದರಿ ಇದ್ದವರಿಗೆ ಹೆಚ್ಚು ಸುಲಭ. ಒಮ್ಮೆ ಒಂದು ಪ್ರತಿಕಾಯ ಮಾಡಿದವರು ಎರಡನೆಯದನ್ನೂ ಮಾಡುವ ಸಾಧ್ಯತೆ ಹೆಚ್ಚು.

ಹೊರಗಿನವರ ರಕ್ತಕ್ಕಿಂತ ಮನೆಯವರದೇ ಒಳ್ಳೆಯದಲ್ಲವೇ?

ಈ ನಂಬಿಕೆಯೊಡನೆ ವಾದಿಸುವುದು ಕಷ್ಟ, ಆದರೂ ಉತ್ತರ ಸ್ಪಷ್ಟ: ಅಲ್ಲ. ಹತ್ತಿರದ ರಕ್ತಸಂಬಂಧಿಯ ಲಿಂಫೊಸೈಟ್ ಕಣಗಳು ರೋಗಿಯ ಕಣಗಳಿಗೆ ಎಷ್ಟು ಹೋಲುತ್ತವೆಯೆಂದರೆ ರೋಗಿಯ ದೇಹ ಅವನ್ನು ಪರಕೀಯವೆಂದು ಗುರುತಿಸಿ ಕೊಲ್ಲುವುದಿಲ್ಲ. ಆದರೆ ಅವು ರೋಗಿಯ ದೇಹವನ್ನು ಪರಕೀಯವೆಂದು ಗುರುತಿಸಬಲ್ಲವು. ಒಳಗೆ ನೆಲೆ ನಿಂತು, ಚರ್ಮ, ಕರುಳು, ಯಕೃತ್ತು, ಅಸ್ಥಿಮಜ್ಜೆ ಎಲ್ಲದರ ಮೇಲೂ ಎರಗುತ್ತವೆ. ಸಾವಿನ ಪ್ರಮಾಣ ಶೇ 90ಕ್ಕೂ ಹೆಚ್ಚು. ಅಪರೂಪ ನಿಜ, ಆದರೆ ಬಂದರೆ ಔಷಧವಿಲ್ಲ. ರಕ್ತಸಂಬಂಧಿಯ ರಕ್ತ ಕೊಡಲೇಬೇಕಾದರೆ ಚೀಲಕ್ಕೆ ಕನಿಷ್ಠ 25 ಗ್ರೇ ವಿಕಿರಣ ಹಾಯಿಸಬೇಕು. ಬಿಳಿಕಣ ಸೋಸಿದರೆ ಸಾಲದು. ಹೆಂಡತಿಗೆ ಗಂಡನ ರಕ್ತ ಕೊಡುವುದರಲ್ಲಿ ಬೇರೆ ತೊಡಕಿದೆ: ಅವನ ಗುರುತುಗಳ ವಿರುದ್ಧ ಆಕೆಯಲ್ಲಿ ಹುಟ್ಟುವ ಪ್ರತಿಕಾಯ ಮುಂದಿನ ಮಗುವನ್ನು ಕಾಡಬಹುದು.

ಮನೆಯವರು ರಕ್ತ ಕೊಡಲಿ, ಅದು ಬೇರೆಯವರಿಗೆ ಹೋಗಲಿ.

ಪ್ಲೇಟ್‌ಲೆಟ್ ಕೊಟ್ಟರೂ ಎಣಿಕೆ ಏರುತ್ತಿಲ್ಲವೇಕೆ?

ಜ್ವರ, ಸೋಂಕು, ಊದಿದ ಗುಲ್ಮ ಮೊದಲ ಕಾರಣಗಳು. ಪದೇ ಪದೇ ಪಡೆದವರಲ್ಲಿ ಎಚ್‌ಎಲ್‌ಎ ಪ್ರತಿಕಾಯ. ಇದರ ಪಕ್ಕದಲ್ಲೇ ಇನ್ನೊಂದು ಅಪರೂಪದ್ದಿದೆ. ಪ್ಲೇಟ್‌ಲೆಟ್ ಮೇಲಿನ ಎಚ್‌ಪಿಎ-1ಎ ಎಂಬ ಗುರುತಿಲ್ಲದ, ಹೆಚ್ಚಾಗಿ ಹೆರಿಗೆಯಾದ, ಮಹಿಳೆಗೆ ರಕ್ತ ಕೊಟ್ಟ ಐದರಿಂದ ಹನ್ನೆರಡು ದಿನಗಳಲ್ಲಿ ಆಕೆಯ ಸ್ವಂತ ಪ್ಲೇಟ್‌ಲೆಟ್‌ಗಳೇ ನೆಲಕಚ್ಚುತ್ತವೆ. ಆ ಗುರುತೇ ಇಲ್ಲದ ಸ್ವಂತ ಕಣಗಳನ್ನು ಪ್ರತಿಕಾಯ ಹೇಗೆ ಕೊಲ್ಲುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಇಮ್ಯುನೊಗ್ಲೋಬ್ಯುಲಿನ್ ಕೆಲಸ ಮಾಡುತ್ತದೆ.

ರಕ್ತದ ತಪ್ಪೇ ಇಲ್ಲದೆ ಹೀಗಾಗಬಹುದೇ?

ಖಂಡಿತ. ಅದೇ ದಿನ ಕೊಟ್ಟ ಸೆಫ್‌ಟ್ರಯಾಕ್ಸೋನ್ ಚುಚ್ಚುಮದ್ದು ಪ್ರತಿಕಾಯದ ಮೂಲಕ ಕಣಗಳನ್ನು ಭಯಂಕರವಾಗಿ ಒಡೆಯಬಲ್ಲದು. ರೋಗಿಗೆ ಕೆಂಪುಕಣವನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರಬಹುದು, ಮಲೇರಿಯಾ ಇರಬಹುದು. ರಕ್ತದೊತ್ತಡಕ್ಕೆ ಎಸಿಇ ತಡೆಯುವ ಮಾತ್ರೆ ನುಂಗುವವರಿಗೆ ಮಂಚದ ಪಕ್ಕದ ಫಿಲ್ಟರ್ ಮೂಲಕ ರಕ್ತ ಕೊಟ್ಟಾಗ ರಕ್ತನಾಳ ಹಿಗ್ಗಿಸುವ ಬ್ರಾಡಿಕೈನಿನ್ ಹೆಚ್ಚಿ ಬಿಪಿ ದಿಢೀರನೆ ಕುಸಿಯಬಹುದು. ಚೀಲದ ಜೊತೆ ಔಷಧದ ಚೀಟಿಯನ್ನೂ ನೋಡಬೇಕು.

ಏರಿಸುವ ಮೊದಲು ಅಲರ್ಜಿ ತಡೆಯುವ ಅವಿಲ್, ಸ್ಟೆರಾಯ್ಡ್ ಚುಚ್ಚಿದರೆ ಆಯಿತಲ್ಲವೇ?

ನಮ್ಮ ವಾರ್ಡುಗಳಲ್ಲಿ ಇದು ಶಾಸ್ತ್ರದಂತೆ ನಡೆಯುತ್ತದೆ. ಎಲ್ಲರಿಗೂ ಮೊದಲೇ ಕೊಡುವುದರಿಂದ ಪ್ರತಿಕ್ರಿಯೆಗಳು ತಪ್ಪುತ್ತವೆ ಎಂಬುದನ್ನು ಅಧ್ಯಯನಗಳು ಎತ್ತಿಹಿಡಿದಿಲ್ಲ. ಮೊದಲು ಅಲರ್ಜಿ ಆದವರಿಗೆ ಕೊಡುವುದು ಬೇರೆ ಮಾತು. ಕಣ ಒಡೆಯುವುದನ್ನು, ಬ್ಯಾಕ್ಟೀರಿಯಾವನ್ನು, ಟ್ರಾಲಿಯನ್ನು ಅವಿಲ್ ತಡೆಯುವುದಿಲ್ಲ. ಜ್ವರದ ಮಾತ್ರೆಯಂತೂ ಎಚ್ಚರಿಕೆಯ ಮೊದಲ ಗಂಟೆಯನ್ನೇ ಮುಚ್ಚಿಹಾಕಬಹುದು.

ತೊಂದರೆ ಕಂಡ ಕೂಡಲೇ ಏನಾಗಬೇಕು?

ರಕ್ತ ನಿಲ್ಲಿಸಬೇಕು, ಸೂಜಿ ತೆಗೆಯಬಾರದು, ಸಲೈನಿನಿಂದ ನಾಳ ತೆರೆದಿಡಬೇಕು. ರೋಗಿಯ ಹೆಸರು, ಚೀಲದ ಸಂಖ್ಯೆ ಮತ್ತೆ ತಾಳೆ ನೋಡಬೇಕು. ಪ್ರಾಣಾಂತಿಕ ಎಬಿಒ ಪ್ರತಿಕ್ರಿಯೆಗಳಿಗೆ ಇಂದಿಗೂ ಮುಖ್ಯ ಕಾರಣ ಪ್ರಯೋಗಾಲಯದ ರಹಸ್ಯವಲ್ಲ, ಹೆಸರು ಅದಲುಬದಲಾಗುವುದು. ನಂತರ ಉಳಿದ ರಕ್ತವಿರುವ ಚೀಲ, ಕೊಳವೆ, ಇನ್ನೊಂದು ಕೈಯಿಂದ ತೆಗೆದ ಹೊಸ ರಕ್ತದ ಮಾದರಿ, ಮೂತ್ರ ಎಲ್ಲವೂ ರಕ್ತ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಮೊದಲು ಮಾಡುವುದು ಬರಿಗಣ್ಣಿನ ಪರೀಕ್ಷೆ: ಮಾದರಿಯನ್ನು ತಿರುಗಿಸಿ ಮೇಲಿನ ಪ್ಲಾಸ್ಮಾ ಹುಲ್ಲಿನ ಹಳದಿಯೋ, ಗುಲಾಬಿಯೋ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಗುಲಾಬಿಯಾದರೆ ಕಣ ನಾಳದೊಳಗೇ ಒಡೆಯುತ್ತಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ತೀವ್ರ ಅಲರ್ಜಿಯಾದರೆ ಮೊದಲ ಕೆಲವು ಗಂಟೆಗಳಲ್ಲಿ ಮಾಸ್ಟ್ ಕಣಗಳು ಚೆಲ್ಲುವ ಟ್ರಿಪ್ಟೇಸ್‌ನ ಪರೀಕ್ಷೆಗೆ ಕಳಿಸಬೇಕು, ಮರುದಿನಕ್ಕೆ ಅದು ಇಳಿದಿರುತ್ತದೆ. ಖಾಲಿ ಚೀಲವನ್ನು ಕಸಕ್ಕೆ ಎಸೆದುಬಿಟ್ಟ ಮೇಲೆ ಕಾರಣ ಹುಡುಕಿ ಎಂದರೆ ಯಾರಿಂದಲೂ ಆಗದು.

ಭಾರತದಲ್ಲಿ 2012ರ ಡಿಸೆಂಬರ್ 10ರಂದು ಆರಂಭವಾದ ಹಿಮೋವಿಜಿಲೆನ್ಸ್, ಅಂದರೆ ರಕ್ತ ಏರಿಸಿದಾಗಿನ ತೊಂದರೆಗಳ ಮೇಲೆ ಕಣ್ಣಿಡುವ ಕಾರ್ಯಕ್ರಮವಿದೆ. ನೊಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆ ಈ ವರದಿಗಳನ್ನು ಸಂಗ್ರಹಿಸುತ್ತದೆ. ವರದಿ ಮಾಡುವುದೆಂದರೆ ತಪ್ಪೊಪ್ಪಿಗೆಯಲ್ಲ. ಹಾಗೆಂದು ಆಸ್ಪತ್ರೆಗಳಿಗೆ ಇನ್ನೂ ಮನವರಿಕೆಯಾಗಬೇಕಿದೆ.

ಮುಂದಿನ ಸಲ ರಕ್ತ ಬೇಕಾದರೆ ನಾವು ಏನು ಹೇಳಬೇಕು, ಏನು ತೋರಿಸಬೇಕು?

ಹಿಂದೆ ಯಾವಾಗ, ಎಲ್ಲಿ ರಕ್ತ ಪಡೆದಿರಿ, ಗರ್ಭಪಾತ ಸೇರಿ ಎಷ್ಟು ಬಾರಿ ಗರ್ಭಿಣಿಯಾಗಿದ್ದಿರಿ, ರಿಯಾಕ್ಷನ್ ಏರಿಸುವಾಗ ಬಂತೋ ವಾರದ ಮೇಲೆ ಬಂತೋ, ಆಗ ಯಾವ ಔಷಧಗಳಲ್ಲಿದ್ದಿರಿ ಎಂಬುದನ್ನು ಕೇಳದಿದ್ದರೂ ಹೇಳಿ. ಪ್ರತಿಕಾಯ ಪತ್ತೆಯಾಗಿದ್ದರೆ ಅದರ ಹೆಸರನ್ನು ರಕ್ತ ಕೇಂದ್ರದಿಂದ ಬರೆಸಿಕೊಳ್ಳಿ, ಫೋಟೋ ತೆಗೆದು ಮೊಬೈಲಿನಲ್ಲಿಡಿ, ಮನೆಯ ಇನ್ನೊಬ್ಬರ ಮೊಬೈಲಿಗೂ ಕಳುಹಿಸಿ. ಮುಂದೆ ಸ್ಕ್ರೀನಿಂಗ್ ನೆಗೆಟಿವ್ ಬಂದರೂ ಆ ಪ್ರತಿಜನಕ ಇಲ್ಲದ ರಕ್ತವನ್ನೇ ಕೊಡಬೇಕು, ಇದಕ್ಕೆ ಕಾಲಮಿತಿ ಇಲ್ಲ. ಥಲಸ್ಸೇಮಿಯಾ, ಸಿಕಲ್ ಸೆಲ್ ಇರುವ ಮಕ್ಕಳಿಗೆ ಮೊದಲ ಯೂನಿಟ್ ಏರಿಸುವ ಮುನ್ನವೇ ಆರ್‌ಎಚ್, ಕೆಲ್, ಕಿಡ್, ಡಫಿ ಗುಂಪುಗಳನ್ನು ಪರೀಕ್ಷಿಸಿ ಬರೆದಿಡಲು ಕೇಳಿ. ಒಮ್ಮೆ ರಕ್ತ ಏರಿಸಿದ ಮೇಲೆ ದಾನಿಯ ಕಣಗಳು ಬೆರೆತು ಸುಮಾರು ಮೂರು ತಿಂಗಳು ಆ ಪರೀಕ್ಷೆ ನಂಬಲರ್ಹವಾಗಿರುವುದಿಲ್ಲ, ಆ ಅವಧಿಯಲ್ಲಿ ಜೀನ್ ಪರೀಕ್ಷೆಗೇ ಹೋಗಬೇಕಾಗುತ್ತದೆ.